ಲಕ್ವಾ ಯಾವ ಬಗೆಯದು, ರಕ್ತ ಹೇಳೀತೇ? ಬಳ್ಳಾರಿಯಲ್ಲಿ ಕಳೆದ ಐದು ವಾರ

ಸಿಟಿ ಸ್ಕ್ಯಾನ್ ಕೋಣೆಯ ಮುಂದಿನ ಬೆಂಚಿನ ಮೇಲೆ ಕುಳಿತು ಅತ್ತಿ ಕೇಳಿದ ಪ್ರಶ್ನೆ ಇದು: “ರಕ್ತ ತಗೊಂಡು ಹೋದ್ರಲ್ಲಪ, ಅದ್ರಾಗ ಗೊತ್ತಾಗಂಗಿಲ್ಲೇನು ಯಾವ ಲಕ್ವಾ ಅಂತ? ಮತ್ತ ಈ ಮಷಿನ್ ಯಾಕ?”

ಮೈಯೊಳಗಿನ ಉರಿಯೂತವನ್ನು ತೋರಿಸುವ ಸಿಆರ್‌ಪಿ, ಇಎಸ್‌ಆರ್ ಎಂಬ ರಕ್ತ ಪರೀಕ್ಷೆಗಳನ್ನು ದಿನವೂ ಮಾಡುವವನು ನಾನು. ಆ ಹೊತ್ತಿಗೆ ಚುಟುಕಾಗಿ “ಇಲ್ಲ ಅತ್ತಿ, ಗೊತ್ತಾಗಂಗಿಲ್ಲ” ಅಂದೆ. ಅದು ಅರ್ಧ ಉತ್ತರ. ಉಳಿದ ಅರ್ಧ ತಿಳಿಯುವಷ್ಟರಲ್ಲಿ ಐದು ವಾರ ಕಳೆದಿದ್ದವು. ಲಕ್ವಾ ಹೊಡೆದಿದ್ದ ಮಾವನಿಗೆ ಕೊನೆಯ ಇಂಜೆಕ್ಷನ್ ಮೊನ್ನೆ ಸೋಮವಾರ ಆಯಿತು. ಕೈಯಲ್ಲಿ ರಿಪೋರ್ಟು ಹಿಡಿದು “ಇದು ಏರಿದೆ, ಇದು ಇಳಿದಿದೆ, ಏನರ್ಥ?” ಎಂದು ವಾರ್ಡಿನ ಬಾಗಿಲಲ್ಲಿ ನಿಂತ ಮನೆಯವರಿಗಾಗಿ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮಾವನಿಗೆ 56 ವರ್ಷ. ಸಿರುಗುಪ್ಪ ತಾಲ್ಲೂಕಿನ ಹಳ್ಳಿ, ಭತ್ತದ ಹೊಲ. ಬೆಳಿಗ್ಗೆ 6:30ಕ್ಕೆ ದನಗಳಿಗೆ ನೀರು ಕುಡಿಸಿ ಬಂದು ಅತ್ತಿಯ ಜೊತೆ ಸರಿಯಾಗಿಯೇ ಮಾತಾಡಿದ್ದಾರೆ. 7:10ಕ್ಕೆ ಚಹಾದ ಲೋಟ ಬಲಗೈಯಿಂದ ಜಾರಿ ಬಿತ್ತು, ಮಾತು ತೊದಲಿತು. ಈ ಎರಡು ಹೊತ್ತುಗಳನ್ನು ಅತ್ತಿ ನೆನಪಿಟ್ಟದ್ದು ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದೇ “ಕೊನೆಗೆ ಚೆನ್ನಾಗಿದ್ದದ್ದು ಎಷ್ಟೊತ್ತಿಗೆ?” ಎಂದು. ಹೆಪ್ಪು ಕರಗಿಸುವ ಔಷಧಕ್ಕೆ ನಾಲ್ಕೂವರೆ ತಾಸಿನ ಗಡುವು ಇರುತ್ತದೆ, ಅದನ್ನು ಎಣಿಸುವುದು ಅಲ್ಲಿಂದಲೇ. ನಿದ್ದೆಯಿಂದ ಏಳುವಾಗಲೇ ಕೈ ಬಿದ್ದಿದ್ದರೆ, ರಾತ್ರಿ ಮಲಗಿದ ಹೊತ್ತಿನಿಂದ ಲೆಕ್ಕ.

ನಡುವೆ 25 ನಿಮಿಷ ಹೋದದ್ದು ದಾರಿಯ ಒಂದು ಕ್ಲಿನಿಕ್ಕಿನಲ್ಲಿ. ಅಲ್ಲಿ ಬಿಪಿ ನೋಡಿ, ಒಂದು ಇಂಜೆಕ್ಷನ್ ಕೊಟ್ಟು, “ದೊಡ್ಡಾಸ್ಪತ್ರೆಗೆ ಹೋಗ್ರಿ” ಎಂದು ಕಳಿಸಿದರು. ಏನು ಇಂಜೆಕ್ಷನ್ ಎಂದು ಚೀಟಿಯಲ್ಲಿ ಇರಲಿಲ್ಲ. ನಾನು ಫೋನು ಮಾಡಿ ಕೇಳಿದಾಗ ಡೆಕ್ಸಾಮೆಥಾಸೋನ್ ಎಂದು ತಿಳಿಯಿತು, ಅಂದರೆ ಸ್ಟೀರಾಯ್ಡ್. ಲಕ್ವಾಕ್ಕೆ ಅದರಿಂದ ಉಪಯೋಗವಿಲ್ಲ. ಮೇಲಾಗಿ ಅದು ಶುಗರ್ ಏರಿಸುತ್ತದೆ, ಬಿಳಿ ರಕ್ತಕಣಗಳ ಲೆಕ್ಕವನ್ನೂ ಕೆಡಿಸುತ್ತದೆ. ದಾರಿಯಲ್ಲಿ ಏನೇ ಚುಚ್ಚಿಸಿಕೊಂಡರೂ ಖಾಲಿ ಸೀಸೆಯನ್ನಾದರೂ ಕೇಳಿ ಜೇಬಿಗೆ ಹಾಕಿಕೊಳ್ಳಿ. ಪಾರಿವಾಳದ ರಕ್ತ ಹಚ್ಚಿಸೋಣ ಎಂದವರೂ ಊರಲ್ಲಿ ಇದ್ದರು. ಅತ್ತಿ ಕಿವಿಗೊಡದೆ ಗಾಡಿ ಹತ್ತಿದರು, ಅದೇ ಪುಣ್ಯ.

ಬಳ್ಳಾರಿಯ ಆಸ್ಪತ್ರೆ ಮುಟ್ಟಿದಾಗ 9:20. ಬೆರಳು ಚುಚ್ಚಿ ಶುಗರ್ ನೋಡಿದರು, 190. ಬಿಪಿ 156/92. ತೂಕ 62 ಕಿಲೋ. ರಕ್ತವನ್ನು ಮೂರು ಕೊಳವೆಗಳಲ್ಲಿ ತೆಗೆದರು: ನೇರಳೆ ಮುಚ್ಚಳದ್ದು ಕಣಗಳ ಎಣಿಕೆಗೆ, ನೀಲಿಯದು ಹೆಪ್ಪುಗಟ್ಟುವ ಕಾಲ ನೋಡಲಿಕ್ಕೆ, ಕೆಂಪಿನದು ಕಿಡ್ನಿ ಮತ್ತು ಸಿಆರ್‌ಪಿಗೆ. ಕೂಡಲೇ ಸಿಟಿಗೆ ಕರೆದೊಯ್ದರು. ಅತ್ತಿಯ ಪ್ರಶ್ನೆ ಬಂದದ್ದು ಆಗಲೇ.

ಲಕ್ವಾ ಮುಖ್ಯವಾಗಿ ಎರಡು ಬಗೆ. ಮೆದುಳಿನ ರಕ್ತನಾಳ ಕಟ್ಟಿಕೊಳ್ಳುವುದು ಒಂದು, ಒಡೆದು ರಕ್ತ ಸೋರುವುದು ಇನ್ನೊಂದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ: ಕೈ ಬೀಳುತ್ತದೆ, ಬಾಯಿ ಸೊಟ್ಟಗಾಗುತ್ತದೆ. ಮೊದಲನೆಯದಕ್ಕೆ ಕೊಡುವ ಔಷಧ ಎರಡನೆಯದಕ್ಕೆ ಕೊಟ್ಟರೆ ಜೀವಕ್ಕೇ ಅಪಾಯ. ಇವನ್ನು ಬೇರ್ಪಡಿಸುವುದು ಸಿಟಿ. ಸೋರಿದ ರಕ್ತ ಬೆಳ್ಳಗೆ ಕಾಣುತ್ತದೆ, ಕೆಲವೇ ನಿಮಿಷದ ಕೆಲಸ. ಸಿಆರ್‌ಪಿಯಾಗಲಿ, ಇಎಸ್‌ಆರ್ ಆಗಲಿ, ಬಿಳಿಕಣಗಳ ಅನುಪಾತವಾಗಲಿ ಎರಡರಲ್ಲೂ ಏರಬಹುದು, ಎರಡರಲ್ಲೂ ಸುಮ್ಮನಿರಬಹುದು. ಜಿಎಫ್‌ಎಪಿ ಎಂಬ ಮೆದುಳಿನ ಕೋಶದ ಪ್ರೋಟೀನು ರಕ್ತಸ್ರಾವದಲ್ಲಿ ಬೇಗ ಏರುತ್ತದೆ ಎಂದು ಸಂಶೋಧನೆಗಳು ನಡೆದಿವೆ. ಆದರೆ ಅದು ಉರಿಯೂತದ ಸೂಚಕವಲ್ಲ, ಸಿಟಿಗೆ ಬದಲಿಯೂ ಅಲ್ಲ. ಆದ್ದರಿಂದ “ರಕ್ತದ ರಿಪೋರ್ಟು ಬರಲಿ, ಆಮೇಲೆ ಸ್ಕ್ಯಾನ್” ಎಂದು ಎಲ್ಲಾದರೂ ಕೂರಿಸಿದರೆ ಒಪ್ಪಬೇಡಿ. ಹೆಪ್ಪು ಕರಗಿಸುವ ಔಷಧಕ್ಕೆ ಮುಂಚೆ ಎಲ್ಲರಿಗೂ ಕಡ್ಡಾಯವಾದ ರಕ್ತ ಪರೀಕ್ಷೆ ಶುಗರ್ ಒಂದೇ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದವರಿಗೆ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂಬ ಅಳತೆ, ನೋಡಲೇಬೇಕು.

ಸಿಟಿಯಲ್ಲಿ ರಕ್ತಸ್ರಾವ ಇರಲಿಲ್ಲ. “ನಾರ್ಮಲ್ ಐತೆ” ಎಂದು ಯಾರೋ ಅಂದದ್ದು ಕೇಳಿ ಅತ್ತಿಗೆ ಸಮಾಧಾನವಾಯಿತು. ಇಲ್ಲೊಂದು ಎಚ್ಚರಿಕೆ ಬೇಕು. ಮೊದಲ ಕೆಲವು ತಾಸು ಕಟ್ಟಿಕೊಂಡ ನಾಳದ ಲಕ್ವಾ ಸಿಟಿಯಲ್ಲಿ ಕಾಣದೇ ಇರಬಹುದು. ಸಿಟಿ ನಾರ್ಮಲ್ ಎಂದರೆ ರಕ್ತ ಸೋರಿಲ್ಲ ಎಂದಷ್ಟೇ ಅರ್ಥ.

ಹೆಪ್ಪು ಕರಗಿಸುವ ಆಲ್ಟಿಪ್ಲೇಸ್‌ನ ಲೆಕ್ಕ ನರ್ಸ್ ಆಗಲೇ ಬರೆದಿದ್ದರು. ಕಿಲೋಗೆ 0.9 ಮಿಲಿಗ್ರಾಂನಂತೆ 55.8. ಅದರ ಹತ್ತರಲ್ಲಿ ಒಂದು ಪಾಲು ಒಮ್ಮೆಗೆ, ಉಳಿದದ್ದು ಒಂದು ತಾಸಿನಲ್ಲಿ ಹನಿಹನಿಯಾಗಿ. ಡಾಕ್ಟರು ಎದೆಗೆ ಸ್ಟೆತೊಸ್ಕೋಪ್ ಇಟ್ಟವರು ತೆಗೆಯಲೇ ಇಲ್ಲ. ಎರಡು ಬಡಿತಗಳ ನಡುವೆ ಗಾಳಿ ಬೀಸಿದಂಥ ಸದ್ದು ಇತ್ತು. “ಇತ್ತೀಚೆಗೆ ಜ್ವರ ಬಂದಿತ್ತೇನ್ರಿ?” ಎಂದರು. ಮಾವನ ಮಗ “ಇಲ್ರಿ” ಅಂದ. ಅತ್ತಿ ತಡೆದರು: “ಯಾಕಿಲ್ಲ? ಮೂರು ವಾರದಿಂದ ಸಂಜಿಮುಂದ ಬರ್ತಿತ್ತು, ಬೆವರು ಬಿಟ್ಟು ಹೋಗ್ತಿತ್ತು. ಟೈಫಾಯ್ಡ್ ಅಂತ ಗುಳಿಗಿ ಕೊಟ್ಟಿದ್ರು.”

ಡಾಕ್ಟರು ಮಾವನ ಎಡಗೈಯನ್ನು ಬೆಳಕಿಗೆ ಹಿಡಿದರು. ಉಂಗುರ ಬೆರಳಿನ ಉಗುರಿನ ಅಡಿಯಲ್ಲಿ, ಉಗುರಿನ ಉದ್ದಕ್ಕೆ ಸರಿಯಾಗಿ ಒಂದು ಸಣ್ಣ ಕಡುಗೆಂಪು ಗೆರೆ, ಮೂರು ಮಿಲಿಮೀಟರ್ ಇದ್ದೀತು. ನಡುಬೆರಳಲ್ಲಿ ಇನ್ನೊಂದು. ಭತ್ತದ ಹುಲ್ಲಿನ ಸಿಬಿರು ಚುಚ್ಚಿಕೊಂಡಂತೆ ಕಾಣುತ್ತಿತ್ತು. ಮನೆಯಲ್ಲಿ ನೋಡಿದವರೆಲ್ಲ ಹಾಗೇ ಅಂದುಕೊಂಡಿದ್ದರು. ಹೊಲದ ಕೆಲಸದವರಿಗೆ ಬರೀ ಪೆಟ್ಟಿನಿಂದಲೂ ಇಂಥ ಗೆರೆ ಬರುತ್ತದೆ, ಅದೊಂದರಿಂದಲೇ ಏನನ್ನೂ ಹೇಳಲಾಗದು. ಆದರೆ ಜ್ವರ, ಎದೆಯ ಸದ್ದು, ಉಗುರಿನ ಗೆರೆ ಮೂರೂ ಒಂದೇ ಮೈಯಲ್ಲಿ ಸೇರಿದ್ದವು. ಹೃದಯದ ಕವಾಟಕ್ಕೆ ಸೋಂಕು ತಗುಲಿ, ಅಲ್ಲಿ ಬೆಳೆದ ಗಂಟಿನ ಚೂರು ಮೆದುಳಿಗೆ ಹೋಗಿರಬಹುದು ಎಂಬ ಅನುಮಾನ ಬಂತು. ಎಂಡೋಕಾರ್ಡೈಟಿಸ್ ಎನ್ನುವುದು ಇದಕ್ಕೇ. ಅಂಥವರಿಗೆ ಹೆಪ್ಪು ಕರಗಿಸುವ ಔಷಧ ಕೊಟ್ಟರೆ ಮೆದುಳಿನಲ್ಲಿ ರಕ್ತಸ್ರಾವವಾಗುವ ಸಾಧ್ಯತೆ ಹೆಚ್ಚು. ಬರೆದಿಟ್ಟ 55.8ರ ಮೇಲೆ ಡಾಕ್ಟರು ಅಡ್ಡಗೆರೆ ಎಳೆದರು. ಮನೆಯವರು ಸಿಟ್ಟಾದರು, “ಟೈಮ್ ಐತಿ ಅಂದ್ರಿ, ಈಗ ಕೊಡಂಗಿಲ್ಲ ಅಂತೀರಿ” ಎಂದು ಮಾವನ ಮಗ ದನಿಯೇರಿಸಿದ. ಅವನ ಸಂಕಟ ನನಗೆ ಅರ್ಥವಾಗುತ್ತಿತ್ತು.

10:40ಕ್ಕೆ ರಕ್ತದ ರಿಪೋರ್ಟು ಬಂತು. ಸಿಆರ್‌ಪಿ ಲೀಟರಿಗೆ 96 ಮಿಲಿಗ್ರಾಂ. ಇಎಸ್‌ಆರ್ 88. ಹಿಮೋಗ್ಲೋಬಿನ್ 9.4. ಬಿಳಿಕಣ 13,400, ಅದರಲ್ಲಿ ನ್ಯೂಟ್ರೋಫಿಲ್ 82, ಲಿಂಫೋಸೈಟ್ 12 ಶೇಕಡ.

ಇಲ್ಲಿ ಸಂಖ್ಯೆಗಿಂತ ಗಡಿಯಾರ ಮುಖ್ಯ. ಸಿಆರ್‌ಪಿ ತಯಾರಾಗುವುದು ಯಕೃತ್ತಿನಲ್ಲಿ, ಇಂಟರ್‌ಲ್ಯೂಕಿನ್-6 ಎಂಬ ಸಂದೇಶ ಮುಟ್ಟಿದ ಮೇಲೆ. ಮೈಯಲ್ಲಿ ಉರಿಯೂತ ಶುರುವಾಗಿ ಸುಮಾರು 6 ತಾಸಾದ ಮೇಲೆ ಅದು ರಕ್ತದಲ್ಲಿ ಏರತೊಡಗುತ್ತದೆ, 48 ತಾಸಿನ ಹೊತ್ತಿಗೆ ತುದಿ ಮುಟ್ಟುತ್ತದೆ. ಕಾರಣ ನಿಂತರೆ 19 ತಾಸಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಮಾವನ ಕೈ ಬಿದ್ದದ್ದು 7:10ಕ್ಕೆ, ರಕ್ತ ತೆಗೆದದ್ದು 9:30ಕ್ಕೆ. ಎರಡು ತಾಸು ಇಪ್ಪತ್ತು ನಿಮಿಷದಲ್ಲಿ ಯಾವ ಲಕ್ವಾವೂ ಸಿಆರ್‌ಪಿಯನ್ನು 96ಕ್ಕೆ ಒಯ್ಯಲಾರದು. ಅಂದರೆ ಉರಿ ಮೊದಲೇ ಇತ್ತು, ಲಕ್ವಾ ಆಮೇಲೆ ಬಂತು. ಇದೇ ಅಂಕಿ ಮೂರನೆಯ ದಿನ ತೆಗೆದ ರಕ್ತದಲ್ಲಿ ಬಂದಿದ್ದರೆ ಇಷ್ಟು ಖಚಿತವಾಗಿ ಹೇಳಲು ಆಗುತ್ತಿರಲಿಲ್ಲ. ಯಾರಿಗಾದರೂ ಲಕ್ವಾ ಆದರೆ ಮೊದಲ ರಕ್ತದಲ್ಲೇ ಒಂದು ಸಿಆರ್‌ಪಿ ನೋಡಲು ಸಾಧ್ಯವೇ ಎಂದು ಕೇಳಿ. ಖರ್ಚು ಸಣ್ಣದು. ಆ ಹೊತ್ತು ಹೋದರೆ ಮತ್ತೆ ಸಿಗದು.

ನ್ಯೂಟ್ರೋಫಿಲ್ಲನ್ನು ಲಿಂಫೋಸೈಟಿನಿಂದ ಭಾಗಿಸಿದರೆ ಬರುವುದು ಎನ್‌ಎಲ್‌ಆರ್. ಮಾವನದು 6.8. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 1ರಿಂದ 3ರ ಒಳಗೆ. ಲಕ್ವಾದಲ್ಲಿ ಇದು ಹೆಚ್ಚಿದ್ದರೆ ಮುಂದಿನ ದಿನಗಳು ಕಷ್ಟದವಾಗಬಹುದು ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಆದರೆ ಕ್ಲಿನಿಕ್ಕಿನ ಸ್ಟೀರಾಯ್ಡ್ ನ್ಯೂಟ್ರೋಫಿಲ್ ಏರಿಸಿ ಲಿಂಫೋಸೈಟ್ ಇಳಿಸಿರಬಹುದು. ಹಾಗಾಗಿ ನಮ್ಮ 6.8ಕ್ಕೆ ಬೆಲೆ ಕಟ್ಟಲಿಲ್ಲ.

ಮಧ್ಯಾಹ್ನ ಅತ್ತಿ ಚೀಲದೊಳಗಿನ ಪ್ಲಾಸ್ಟಿಕ್ ಕವರಿನಿಂದ ಮಡಚಿದ ಒಂದು ಚೀಟಿ ತೆಗೆದರು. ಹದಿನೈದು ದಿನದ ಹಿಂದಿನದು: “ವಿಡಾಲ್ 1:80, ಸಿಆರ್‌ಪಿ ಪಾಸಿಟಿವ್.” ವಿಡಾಲ್ ಎಂದರೆ ಟೈಫಾಯ್ಡಿಗೆ ಮಾಡುವ ರಕ್ತ ಪರೀಕ್ಷೆ. 1:80 ನಮ್ಮ ಭಾಗದಲ್ಲಿ ಆರೋಗ್ಯವಂತರಲ್ಲೂ ಸಿಗುವಂಥದ್ದು, ಅದೊಂದರ ಮೇಲೆ ಟೈಫಾಯ್ಡ್ ಎನ್ನಲಾಗದು. ‘ಪಾಸಿಟಿವ್’ ಎಂದಷ್ಟೇ ಬರೆಯುವ ಸಿಆರ್‌ಪಿ ಗಾಜಿನ ಸ್ಲೈಡಿನ ಮೇಲೆ ಲ್ಯಾಟೆಕ್ಸ್ ಹನಿ ಬೆರೆಸಿ ನೋಡುವ ಪರೀಕ್ಷೆ. ಲೀಟರಿಗೆ 6 ಮಿಲಿಗ್ರಾಂ ದಾಟಿದರೆ ಸಾಕು, ಮೊಸರು ಒಡೆದಂತೆ ಕಾಳು ಕಟ್ಟುತ್ತದೆ. ಅಲ್ಲಿಂದ ಎಷ್ಟು ಮೇಲಿದೆ ಎಂದು ತಿಳಿಯಬೇಕಾದರೆ ರಕ್ತರಸವನ್ನು ತೆಳುಮಾಡುತ್ತ ಹೋಗಿ ನೋಡಬೇಕು, ಅದನ್ನು ಮಾಡಿರಲಿಲ್ಲ. ಆದರೂ ಆ ಚೀಟಿ ಸಿಕ್ಕದ್ದು ದೊಡ್ಡ ಸಹಾಯವಾಯಿತು, ಉರಿಯೂತ ಎರಡು ವಾರದಿಂದ ಇತ್ತು ಎನ್ನಲು ಕಾಗದದ ಸಾಕ್ಷಿ. ಹಳೆಯ ಚೀಟಿ ಎಸೆಯಬೇಡಿ.

ನಾಳ ಕಟ್ಟಿಕೊಂಡ ಲಕ್ವಾದಲ್ಲೂ ಒಳಬಗೆಗಳಿವೆ. 1993ರಿಂದ ಬಳಕೆಯಲ್ಲಿರುವ ಟೋಸ್ಟ್ ವಿಂಗಡಣೆಯಲ್ಲಿ ಐದು: ದೊಡ್ಡ ನಾಳದ ಕೊಬ್ಬಿನಿಂದ ಆದದ್ದು, ಹೃದಯದಿಂದ ಬಂದ ಚೂರಿನಿಂದ ಆದದ್ದು, ಸಣ್ಣ ನಾಳದ್ದು, ಬೇರೆ ಗೊತ್ತಾದ ಕಾರಣದ್ದು, ಕಾರಣ ಸಿಗದ್ದು. ಸರಾಸರಿ ನೋಡಿದರೆ ಹೃದಯದ ಕಡೆಯಿಂದ ಬಂದ ಲಕ್ವಾಗಳಲ್ಲಿ ಸಿಆರ್‌ಪಿ ಮತ್ತು ಡಿ-ಡೈಮರ್ (ಹೆಪ್ಪು ಕರಗಿದಾಗ ರಕ್ತದಲ್ಲಿ ಉಳಿಯುವ ಚೂರು) ಹೆಚ್ಚು, ಸಣ್ಣ ನಾಳದ್ದರಲ್ಲಿ ಕಡಿಮೆ. ಆದರೆ ಸರಾಸರಿ ಬೇರೆ, ಮಂಚದ ಮೇಲೆ ಮಲಗಿರುವ ಒಬ್ಬ ಮನುಷ್ಯ ಬೇರೆ. ಒಂದು ಅಂಕಿ ಹಿಡಿದು “ಇದು ಇಂಥ ಬಗೆ” ಎಂದು ಬರೆಯುವ ಗೆರೆಯನ್ನು ಯಾರೂ ಎಳೆದಿಲ್ಲ. ಡಿ-ಡೈಮರ್ ಸೋಂಕಿನಲ್ಲೂ ಏರುತ್ತದೆ, ಕ್ಯಾನ್ಸರಿನಲ್ಲೂ, ವಯಸ್ಸಾದರೂ. ಅದಕ್ಕೆ ಎಫ್‌ಇಯು, ಡಿಡಿಯು ಎಂಬ ಎರಡು ಅಳತೆಗಳಿವೆ, ಮೊದಲನೆಯದು ಎರಡನೆಯದರ ಸುಮಾರು ಎರಡರಷ್ಟು. ಎರಡು ಲ್ಯಾಬಿನ ಡಿ-ಡೈಮರ್ ಹೋಲಿಸುವ ಮುನ್ನ ಅದನ್ನು ನೋಡಿಕೊಳ್ಳಿ.

ಉರಿಯೂತದ ಸೂಚಕಗಳು ನಿಜವಾಗಿ ದಾರಿ ತಿರುಗಿಸುವುದು ಸೋಂಕು, ಉರಿಯೂತದಿಂದ ಬರುವ ಕಾರಣಗಳನ್ನು ಹುಡುಕುವಾಗ: ಕವಾಟದ ಸೋಂಕು, ರಕ್ತನಾಳದ ಗೋಡೆಯೇ ಉರಿಯುವ ಕಾಯಿಲೆಗಳು, ಮೆದುಳುಪೊರೆಯ ಕ್ಷಯ. 50 ದಾಟಿದವರಿಗೆ ಹೊಸ ತಲೆನೋವು, ಅಗಿಯುವಾಗ ದವಡೆ ನೋವು, ಇಎಸ್‌ಆರ್ 50ರ ಮೇಲೆ ಇದ್ದರೆ ಕಣತಲೆಯ ನಾಳದ ಉರಿಯೂತವನ್ನು ಮರೆಯಬಾರದು. ಕಣ್ಣೇ ಹೋಗಬಹುದು.

ಆದರೆ ಸಿಆರ್‌ಪಿ, ಇಎಸ್‌ಆರ್ ಎಷ್ಟೇ ಏರಿರಲಿ, ಎಂಡೋಕಾರ್ಡೈಟಿಸ್ ನಿರ್ಧರಿಸುವ ಡ್ಯೂಕ್ ಮಾನದಂಡದಲ್ಲಿ ಅವಕ್ಕೆ ಜಾಗವಿಲ್ಲ. ಅವು ಅನುಮಾನ ಹುಟ್ಟಿಸುತ್ತವೆ. ಸಾಬೀತು ಮಾಡಬೇಕಾದದ್ದು ರಕ್ತದಲ್ಲಿ ಕ್ರಿಮಿ ಇದೆಯೇ ಎಂದು ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಮತ್ತು ಹೃದಯದ ಸ್ಕ್ಯಾನ್ ಆದ ಎಕೋ.

ಕಲ್ಚರಿನಲ್ಲಿ ತಪ್ಪುವುದು ಹೆಚ್ಚು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಂಟಿಬಯೋಟಿಕ್ಕಿನ ಮೊದಲ ಹನಿ ಮೈಗೆ ಹೋಗುವ ಮುನ್ನ ತೆಗೆಯಬೇಕು. ಮೂರು ಜೊತೆ, ಒಂದೊಂದು ಜೊತೆಗೆ ಎರಡು ಬಾಟಲಿ, ದೊಡ್ಡವರಿಗೆ ಬಾಟಲಿಗೆ 8ರಿಂದ 10 ಮಿಲಿ. ರಕ್ತ ಕಡಿಮೆ ಹಾಕಿದರೆ ಇರುವ ಕ್ರಿಮಿಯೂ ಸಿಗದೇ ಹೋಗುತ್ತದೆ. ಮೂರೂ ಬೇರೆ ಬೇರೆ ಕಡೆಯ ನರದಿಂದ, ನಡುವೆ ಅರ್ಧ ತಾಸಾದರೂ ಬಿಟ್ಟು. ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಹಚ್ಚಿ ಒಣಗಲು ಬಿಡಬೇಕು. ಬಾಟಲಿಯ ರಬ್ಬರ್ ಬಿರಡೆಯನ್ನೂ ಸ್ಪಿರಿಟ್ಟಿನಲ್ಲಿ ಒರೆಸಬೇಕು. ಎರಡನೆಯ ಜೊತೆಯನ್ನು ಸಲೈನ್ ಹಾಕಿದ ಸೂಜಿಯಿಂದಲೇ ಎಳೆಯಲು ಬಂದರು. ಹಾಗೆ ಮಾಡಿದರೆ ಚರ್ಮದ ಮೇಲಿನ ಕ್ರಿಮಿ ಸೇರಿಕೊಂಡು ಇಲ್ಲದ ಸೋಂಕನ್ನು ತೋರಿಸಬಹುದು. ಕೇಳಿಕೊಂಡಾಗ ಹೊಸದಾಗಿ ಚುಚ್ಚಿ ತೆಗೆದರು, ಬೇಸರಪಟ್ಟುಕೊಳ್ಳಲಿಲ್ಲ. ಮಾವ ಊರಲ್ಲಿ ನುಂಗಿದ ಎಂಟಿಬಯೋಟಿಕ್ ಮಾತ್ರೆ ಕ್ರಿಮಿ ಬೆಳೆಯದಂತೆ ಮಾಡಿಬಿಡುತ್ತದೋ ಎಂಬ ಹೆದರಿಕೆ ಇತ್ತು. ಮೂರನೆಯ ದಿನ ಎರಡು ಜೊತೆಗಳಲ್ಲಿ ವಿರಿಡಾನ್ಸ್ ಸ್ಟ್ರೆಪ್ಟೊಕಾಕಸ್ ಬೆಳೆಯಿತು. ಬಾಯಲ್ಲಿ ವಾಸಿಸುವ ಕ್ರಿಮಿ. ಹುಳುಕು ಹಿಡಿದ ದವಡೆ ಹಲ್ಲೊಂದು ಮಾವನನ್ನು ಆರು ತಿಂಗಳಿಂದ ಕಾಡುತ್ತಿತ್ತು.

ಎಂಆರ್‌ಐನಲ್ಲಿ ಎಡಭಾಗದಲ್ಲಿ ಒಂದು ಮಧ್ಯಮ ಗಾತ್ರದ ಮಚ್ಚೆ, ಬಲಭಾಗದಲ್ಲಿ ಎರಡು ಚುಕ್ಕೆ, ಹಿಂದಿನ ಕಿರುಮೆದುಳಿನಲ್ಲಿ ಒಂದು. ಒಂದೇ ನಾಳದ ವ್ಯಾಪ್ತಿಯಲ್ಲಿ ಆಗಿದ್ದರೆ ಆ ನಾಳವನ್ನು ಅನುಮಾನಿಸಬಹುದಿತ್ತು. ಎಡಕ್ಕೂ ಬಲಕ್ಕೂ ಹಿಂದಕ್ಕೂ ಒಟ್ಟಿಗೆ ಚೆದುರಿದರೆ ಚೂರುಗಳು ಬರುತ್ತಿರುವುದು ಎಲ್ಲಕ್ಕೂ ಮೂಲವಾದ ಹೃದಯದಿಂದ ಎಂಬ ಅನುಮಾನ ಬಲವಾಗುತ್ತದೆ. ಎದೆಯ ಮೇಲಿಂದ ಮಾಡುವ ಎಕೋದಲ್ಲಿ ಹಳೆಯ ವಾತಜ್ವರದಿಂದ (ರುಮ್ಯಾಟಿಕ್ ಫೀವರ್) ದಪ್ಪವಾದ, ಹೃದಯದ ಎಡಭಾಗದ ಮೈಟ್ರಲ್ ಕವಾಟ ಕಂಡಿತು, ಗಂಟು ಸ್ಪಷ್ಟವಾಗಲಿಲ್ಲ. ಅನ್ನನಾಳದ ಮೂಲಕ ಮಾಡುವ ಎಕೋಗೆ ತಜ್ಞರು ಬರುವ ದಿನಕ್ಕಾಗಿ ಮೂರು ದಿನ ಕಾದೆವು. ಆರು ತಾಸು ಹೊಟ್ಟೆ ಖಾಲಿ ಇರಬೇಕು, ಅಲುಗಾಡುವ ಹಲ್ಲು ಇದ್ದರೆ ಮೊದಲೇ ಹೇಳಬೇಕು. ಅದರಲ್ಲಿ 7 ಮಿಲಿಮೀಟರ್ ಗಂಟು ಸಿಕ್ಕಿತು. 10 ದಾಟಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತಿತ್ತು. ಕಲ್ಚರೂ ಎಕೋವೂ ಸೇರಿ ರೋಗ ಖಚಿತವಾಯಿತು.

ದುಡ್ಡಿನ ಮಾತು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ರೇಷನ್ ಕಾರ್ಡಿನಲ್ಲಿ ಮನೆತನದ ಹೆಸರು ಮುಂದೆ, ಆಧಾರಿನಲ್ಲಿ ಹಿಂದೆ. ಅದನ್ನು ಸರಿಹೊಂದಿಸಿ ಮಂಜೂರಾತಿ ಬರುವಷ್ಟರಲ್ಲಿ ಮೂರು ದಿನ ಹೋದವು. ಎರಡರ ಮೂಲಪ್ರತಿ, ತಲಾ ನಾಲ್ಕು ಜೆರಾಕ್ಸ್, ಒಟಿಪಿ ಬರುವ ಫೋನು ಹಿಡಿದವರು ಒಬ್ಬರು ಆಸ್ಪತ್ರೆಯಲ್ಲೇ ಇರಲಿ. ಆ ಫೋನು ಹೊಲದಲ್ಲಿದ್ದುದಕ್ಕೆ ನಮಗೆ ಒಂದು ಇಡೀ ಮಧ್ಯಾಹ್ನ ವ್ಯರ್ಥವಾಯಿತು. ಮಂಜೂರಾತಿಗೆ ಮುಂಚೆ ಮತ್ತು ಹೊರಗಿನ ಲ್ಯಾಬಿಗೆ ನಮ್ಮ ಕೈಯಿಂದ ಹೋದದ್ದು: ಸಿಟಿ 2,800, ಎಂಆರ್‌ಐ 7,500, ಕಲ್ಚರ್ ಮೂರು ಜೊತೆಗೆ 3,600, ಬ್ಯಾಕ್ಟೀರಿಯಾ ಸೋಂಕಿನ ಸುಳಿವು ಕೊಡುವ ಪ್ರೊಕ್ಯಾಲ್ಸಿಟೋನಿನ್ ಪರೀಕ್ಷೆ 2,400, ಡಿ-ಡೈಮರ್ 1,200, ಸಿಆರ್‌ಪಿ ಒಂದಕ್ಕೆ 400.

ಎರಡನೆಯ ರಾತ್ರಿ ನೋಡಲು ಬಂದ ಬೀಗರು ಪ್ರೀತಿಯಿಂದ ಎಳನೀರು ತಂದಿದ್ದರು. ಮಲಗಿದ್ದ ಮಾವನ ಬಾಯಿಗೆ ಚಮಚದಲ್ಲಿ ಹಾಕಿದರು. ಕೆಮ್ಮು ಬಂತು, ನಿಂತಿತು, ಯಾರೂ ಲಕ್ಷ್ಯ ಕೊಡಲಿಲ್ಲ. ಲಕ್ವಾದಲ್ಲಿ ಗಂಟಲಿನ ಸ್ನಾಯುವೂ ಸೋತಿರಬಹುದು, ನುಂಗಿದ್ದು ಶ್ವಾಸಕೋಶಕ್ಕೆ ಇಳಿಯಬಹುದು. ನುಂಗುವ ಪರೀಕ್ಷೆ ಆಗಿ ಡಾಕ್ಟರು ಹೇಳುವವರೆಗೆ ಒಂದು ಹನಿ ನೀರನ್ನೂ ಕೊಡಬಾರದು. ಮಂಚದ ತಲೆಯ ಕಡೆ ಒಂದು ಚೀಟಿ ಅಂಟಿಸಿಡಿ, ಬಂದವರಿಗೆಲ್ಲ ಹೇಳುತ್ತ ಕೂರಲು ಆಗುವುದಿಲ್ಲ.

ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ರಾಸಾಯನಿಕ ಮುಗಿದಿತ್ತೆಂದು ಸಿಆರ್‌ಪಿಯನ್ನು ಹೊರಗೆ ಕಳಿಸಿದರು. ಸಂಜೆ ಮಾವನ ಮಗ ಓಡಿಬಂದ: “96 ಇದ್ದದ್ದು 14.8ಕ್ಕೆ ಇಳಿದೈತಿ!” ನೆಂಟರಿಗೆಲ್ಲ ಮೆಸೇಜೂ ಹೋಗಿತ್ತು. ರಿಪೋರ್ಟಿನ ಬಲತುದಿಯಲ್ಲಿ ಸಣ್ಣಕ್ಷರದಲ್ಲಿ ಅಳತೆ ಇತ್ತು. ಆಸ್ಪತ್ರೆಯದು ಲೀಟರಿಗೆ ಮಿಲಿಗ್ರಾಂ, ಹೊರಗಿನದು ಡೆಸಿಲೀಟರಿಗೆ. ಒಂದು ಲೀಟರಿಗೆ ಹತ್ತು ಡೆಸಿಲೀಟರ್. ಅಂದರೆ 14.8 ಎಂದರೆ 148. ಇಳಿದಿರಲಿಲ್ಲ, ಒಂದೂವರೆ ಪಟ್ಟು ಏರಿತ್ತು. ಅವನಿಗೆ ಅದನ್ನು ಹೇಳುವುದು ನನಗೆ ಬಹಳ ಕಷ್ಟವಾಯಿತು. ಸಿಆರ್‌ಪಿ ರಿಪೋರ್ಟು ಕೈಗೆ ಬಂದ ಕೂಡಲೇ ಅಂಕಿ ನೋಡುವ ಮುನ್ನ ಅಳತೆ ನೋಡಿ. ಆದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ.

ಏರಿದ್ದು ಏಕೆ? ಕಾರಣ ಮೂರು ಇರಬಹುದಿತ್ತು. ಲಕ್ವಾದಿಂದಲೇ ಮೊದಲ ಎರಡು ಮೂರು ದಿನ ಸಿಆರ್‌ಪಿ ಏರುತ್ತದೆ, ಆದರೆ ಸತ್ತ ಭಾಗ ಇಷ್ಟೇ ಇರುವಾಗ ಇಷ್ಟು ಏರಿಕೆ ಹೆಚ್ಚಾಯಿತು. ಕವಾಟಕ್ಕೆ ಕೊಟ್ಟ ಔಷಧ ನಾಟುತ್ತಿಲ್ಲವೇ? ಅದೇ ದಿನ ತೆಗೆದ ಹೊಸ ಕಲ್ಚರಿನಲ್ಲಿ ಮುಂದೆ ಏನೂ ಬೆಳೆಯಲಿಲ್ಲ. ಉಳಿದದ್ದು ಶ್ವಾಸಕೋಶ. ಆಮ್ಲಜನಕ 91ಕ್ಕೆ ಇಳಿದಿತ್ತು, ಎಕ್ಸ್‌ರೇಯಲ್ಲಿ ಬಲಗಡೆ ಕೆಳಗೆ ಬಿಳಿ ಮಬ್ಬು, ಪ್ರೊಕ್ಯಾಲ್ಸಿಟೋನಿನ್ 1.6. ಎಳನೀರು ಮಾಡಿದ ನ್ಯುಮೋನಿಯಾ. ಇನ್ನೊಂದು ಎಂಟಿಬಯೋಟಿಕ್ ಏಳು ದಿನಕ್ಕೆ ಸೇರಿಸಿದರು. ಎಂಟನೆಯ ದಿನ ಸಿಆರ್‌ಪಿ 61, ಹದಿನಾಲ್ಕಕ್ಕೆ 22.

ಆದರೆ ಇಎಸ್‌ಆರ್ ಹದಿನಾಲ್ಕನೆಯ ದಿನವೂ 82. “ಗುಣ ಆಗವಲ್ದೇನು?” ಎಂದು ಅತ್ತಿ ಅತ್ತರು. ಇಎಸ್‌ಆರ್ ಅಂದರೆ ನಿಂತ ಕೊಳವೆಯಲ್ಲಿ ಕೆಂಪು ಕಣ ಒಂದು ತಾಸಿನಲ್ಲಿ ಎಷ್ಟು ಮಿಲಿಮೀಟರ್ ಕೆಳಗಿಳಿಯಿತು ಎಂಬ ಲೆಕ್ಕ. ಫೈಬ್ರಿನೋಜೆನ್ ಮತ್ತು ಇತರ ಪ್ರೋಟೀನುಗಳು ಕಣಗಳನ್ನು ನಾಣ್ಯದ ಕಟ್ಟಿನಂತೆ ಅಂಟಿಸುವುದರಿಂದ ಬೇಗ ಇಳಿಯುತ್ತವೆ. ಆ ಪ್ರೋಟೀನುಗಳು ರಕ್ತದಿಂದ ಹೋಗಲು ದಿನಗಳು, ವಾರಗಳು ಬೇಕು. ರಕ್ತಹೀನತೆ ಇದ್ದರೂ ಇಎಸ್‌ಆರ್ ಏರುತ್ತದೆ, ಮಾವನಿಗೆ ಅದೂ ಇತ್ತು. ಗಂಡಸರಿಗೆ ವಯಸ್ಸಿನ ಅರ್ಧ, ಹೆಂಗಸರಿಗೆ ವಯಸ್ಸಿಗೆ ಹತ್ತು ಕೂಡಿಸಿ ಅರ್ಧ ಎಂಬುದು ಒರಟು ಮಿತಿ. ವಾರದಿಂದ ವಾರಕ್ಕೆ ಗುಣ ಅಳೆಯಲು ಸಿಆರ್‌ಪಿಯನ್ನೇ ನಂಬಿ.

ನಮ್ಮ ಸೀಮೆಯ ಬೇಸಿಗೆಗೆ ಒಂದು ಮಾತು. ಇಎಸ್‌ಆರ್ ಕೊಳವೆ ಇಡುವ ಕೋಣೆ 18ರಿಂದ 25 ಡಿಗ್ರಿ ಇರಬೇಕು. 42 ಡಿಗ್ರಿ ಬಿಸಿಲಿನಲ್ಲಿ ಏಸಿ ಇಲ್ಲದ ಕೋಣೆಯಲ್ಲಿಟ್ಟರೆ ಅಂಕಿ ಸುಳ್ಳಾಗಿ ಏರುತ್ತದೆ. ಕೊಳವೆ ಮೂರು ಡಿಗ್ರಿ ವಾಲಿದರೂ ಸಾಕು. ರಕ್ತ ತೆಗೆದ ನಾಲ್ಕು ತಾಸಿನೊಳಗೆ ಹಚ್ಚಬೇಕು. ಬೆಳಿಗ್ಗೆ ತಾಲ್ಲೂಕಿನಲ್ಲಿ ತೆಗೆದು ಬಸ್ಸಿನಲ್ಲಿ ಬಳ್ಳಾರಿಗೆ ಕಳಿಸಿ ಸಂಜೆ ಹಚ್ಚಿದ ಇಎಸ್‌ಆರ್ ನಂಬಬೇಡಿ. ಹೋಮೋಸಿಸ್ಟೀನ್ ಎಂಬ ಇನ್ನೊಂದು ರಕ್ತ ಪರೀಕ್ಷೆ ಅಂತೂ ಇನ್ನೂ ಸೂಕ್ಷ್ಮ. ಮಂಜುಗಡ್ಡೆಯಲ್ಲಿಟ್ಟು ಬೇಗ ರಕ್ತರಸ ಬೇರ್ಪಡಿಸದಿದ್ದರೆ ಕೆಂಪು ಕಣಗಳೇ ಅದನ್ನು ಹೊರಬಿಟ್ಟು ಅಂಕಿ ಏರಿಸುತ್ತವೆ. ಲಕ್ವಾ ಪ್ಯಾಕೇಜ್ ಎಂದು ಯಾರೋ ಎಚ್‌ಎಸ್-ಸಿಆರ್‌ಪಿ ಬರೆಸಿದ್ದರು, ರದ್ದು ಮಾಡಿಸಿದೆ. 1, 3 ಎಂಬ ಸಣ್ಣ ಅಂಕಿಗಳಲ್ಲಿ ಮುಂದಿನ ವರ್ಷಗಳ ಹೃದಯದ ಅಪಾಯ ಅಳೆಯುವ ಪರೀಕ್ಷೆ ಅದು. ಸೋಂಕಿರುವಾಗ ಅದಕ್ಕೆ ಅರ್ಥವಿಲ್ಲ.

ಕವಾಟದ ಸೋಂಕಿಗೆ ಕೊಟ್ಟದ್ದು ಸೆಫ್ಟ್ರಿಯಾಕ್ಸೋನ್ ಎಂಬ ಎಂಟಿಬಯೋಟಿಕ್ ಇಂಜೆಕ್ಷನ್, ದಿನಕ್ಕೊಮ್ಮೆ 2 ಗ್ರಾಂ, ನಾಲ್ಕು ವಾರ. ಈ ನಾಲ್ಕು ವಾರವನ್ನು ಎಣಿಸುವುದು ಕಲ್ಚರ್ ಮೊದಲ ಸಲ ಖಾಲಿ ಬಂದ ದಿನದಿಂದ, ಭರ್ತಿಯಾದ ದಿನದಿಂದಲ್ಲ. ನಮಗೆ ಅದು ನಾಲ್ಕನೆಯ ದಿನ. ಮೂರು ದಿನ ಮುಂಚೆಯೇ “ಮುಗೀತು” ಎಂದು ಮನೆಯವರು ಹೊರಡಲಿದ್ದರು. ಹದಿನೆಂಟನೆಯ ದಿನ ಡಿಸ್ಚಾರ್ಜ್ ಮಾಡಿಸಿ ಉಳಿದದ್ದನ್ನು ಸಿರುಗುಪ್ಪದಲ್ಲಿ ದಿನವೂ ಹಾಕಿಸಿದೆವು. ಇದಕ್ಕೆ ಡಿಸ್ಚಾರ್ಜ್ ಕಾಗದದಲ್ಲಿ ಔಷಧದ ಹೆಸರು, ಪ್ರಮಾಣ, ಕೊನೆಯ ದಿನಾಂಕ ಮೂರನ್ನೂ ಬರೆಸಿಕೊಳ್ಳಿ. ಭಾನುವಾರ ಯಾರು ಹಾಕುತ್ತಾರೆ ಎಂದು ಶನಿವಾರವೇ ಕೇಳಿಡಿ. ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ಎಂಬ ಡ್ರಿಪ್ ಬಾಟಲಿ ಹೋಗುತ್ತಿರುವ ನಳಿಕೆಯಲ್ಲಿ ಈ ಔಷಧ ಬೆರೆಸಬಾರದು, ಅದರೊಳಗಿನ ಕ್ಯಾಲ್ಸಿಯಮ್ ಜೊತೆ ಗಸಿ ಕಟ್ಟುತ್ತದೆ. ವಾರಕ್ಕೊಮ್ಮೆ ಕಣಗಳ ಎಣಿಕೆ, ಕ್ರಿಯಾಟಿನಿನ್, ಲಿವರ್ ಪರೀಕ್ಷೆ.

ಕೊನೆಯ ಇಂಜೆಕ್ಷನ್ನಿನ ದಿನ ಸಿಆರ್‌ಪಿ 5, ಇಎಸ್‌ಆರ್ 44, ಹಿಮೋಗ್ಲೋಬಿನ್ 10.6. ಮಾವ ಬಲಗೈಯಲ್ಲಿ ಲೋಟ ಹಿಡಿಯುತ್ತಾರೆ, ಅಂಗಿಯ ಗುಂಡಿ ಹಾಕಲು ಇನ್ನೂ ಆಗುವುದಿಲ್ಲ. ಉಗುರಿನ ಗೆರೆ ಉಗುರಿನ ಜೊತೆಗೇ ಬೆಳೆದು ಅರ್ಧಕ್ಕೆ ಬಂದಿದೆ. ಮುಂದಿನ ವಾರ ಆ ದವಡೆ ಹಲ್ಲು ಕೀಳಿಸಬೇಕು. ಒಮ್ಮೆ ಕವಾಟದ ಸೋಂಕು ಬಂದವರು ಹಲ್ಲಿಗೆ ಕೈಹಾಕಿಸುವ ಅರ್ಧದಿಂದ ಒಂದು ತಾಸು ಮುಂಚೆ ಅಮಾಕ್ಸಿಸಿಲಿನ್ 2 ಗ್ರಾಂ ನುಂಗಬೇಕು. ಹಲ್ಲಿನ ಡಾಕ್ಟರಿಗೆ ತೋರಿಸಲೆಂದು ಅತ್ತಿ ಡಿಸ್ಚಾರ್ಜ್ ಕಾಗದದ ಜೆರಾಕ್ಸನ್ನು ಆ ಹಳೆಯ ಪ್ಲಾಸ್ಟಿಕ್ ಕವರಿನಲ್ಲೇ, ವಿಡಾಲ್ ಚೀಟಿಯ ಮೇಲೆ, ಮಡಚಿ ಇಟ್ಟಿದ್ದಾರೆ.